ಡಬ್ಬಿಯ ಮೇಲಿನ ಲ್ಯೂಮೆನ್ ಕಾಲಡಿಯ ಹಾವನ್ನು ತೋರಿಸದು

ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಅಂತಲೇ ಹೆಸರು. ಅದರೊಳಗೆ ಹಾಕುವುದು ಶೆಲ್ಲು. ಇಲ್ಲಿಯೂ ಹಾಗೇ ಬರೆಯುತ್ತೇನೆ, ಓದುಗರು ಹೊಂದಿಸಿಕೊಳ್ಳಬೇಕು.

ಕೂರಿಗೆ ಮಾಡಿಸುವಾಗ, ಎತ್ತು ತರುವಾಗ ನಾವು ಹತ್ತು ಜನರನ್ನು ಕೇಳುತ್ತೇವೆ. ಹಲ್ಲು ಎಣಿಸುತ್ತೇವೆ, ಸುಳಿ ನೋಡುತ್ತೇವೆ. ಬ್ಯಾಟ್ರಿ ಕೊಳ್ಳುವಾಗ ಮಾತ್ರ ಅಂಗಡಿಯವನು ಎದುರಿನ ಗೋಡೆಗೆ ಬೆಳಕು ಬಿಟ್ಟು ತೋರಿಸಿದರೆ ಮುಗಿಯಿತು. ಡಬ್ಬಿಯ ಮೇಲೆ ದೊಡ್ಡ ಸಂಖ್ಯೆ ಇದ್ದರಂತೂ ಎರಡನೇ ಮಾತಿಲ್ಲ. ಈಗ ಸಂತೆ ಪೇಟೆಯಲ್ಲಿ ಸಿಗುವ ಚೋಟುದ್ದದ ಎಲ್‌ಇಡಿ ಬ್ಯಾಟ್ರಿಗಳು ನೋಡಲು ಒಂದೇ ಥರ. ಅದೇ ಕಪ್ಪು ಅಲ್ಯೂಮಿನಿಯಂ ಕೊಳವೆ, ಅದೇ ಗಾಜು. ಬೆಲೆ ಮಾತ್ರ ನೂರೈವತ್ತರಿಂದ ಏಳುನೂರು ರೂಪಾಯಿವರೆಗೆ. ಇವುಗಳಲ್ಲಿ ಒಣಬೇಸಾಯದವನಿಗೆ ಯಾವುದು ಆದೀತು, ಯಾಕೆ, ಅನ್ನುವುದು ನನ್ನ ವಿಷಯ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಲ್ಯೂಮೆನ್ ಸಂಖ್ಯೆ ನೋಡಿ ಕೊಳ್ಳುವುದು ಬಿಡಬೇಕು. ಕಾಲಡಿ ಅಗಲವಾಗಿ ಬೀಳುವ ಬೆಳಕು, ಬದಲಾಯಿಸಬಹುದಾದ ಶೆಲ್ಲು, ಸರಳವಾದ ಗುಂಡಿ, ಈ ಮೂರನ್ನು ನೋಡಿ ಕೊಳ್ಳಬೇಕು.

ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ?

ಬೆಳಕಿನ ಪ್ರಶ್ನೆ ನಮಗೆ ಶೋಕಿಯದ್ದಲ್ಲ. ಹಾವು ಕಚ್ಚಿ ಸತ್ತವರ ಬಗ್ಗೆ 2020ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಅದರ ಪ್ರಕಾರ 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವಿನಿಂದ ಸತ್ತಿದ್ದಾರೆ. ವರ್ಷಕ್ಕೆ ಸರಾಸರಿ 58,000. ಹೆಚ್ಚಿನವರು ಹಳ್ಳಿಯವರು. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅಂದರೆ ನಾವು ಹೊಲದಲ್ಲೇ ಇರುವ ಮುಂಗಾರಿನ ದಿನಗಳಲ್ಲಿ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಅಂದರೆ ಸರ್ಕಾರಕ್ಕೂ ಇದು ಸಣ್ಣ ವಿಷಯ ಅಲ್ಲ ಅಂತ ಅನಿಸಿದೆ.

ನನ್ನದು ಚಿತ್ರದುರ್ಗ ಜಿಲ್ಲೆಯ ಮಳೆಯಾಶ್ರಿತ ಕೆಂಪು ಹೊಲ. ಬೋರಿಲ್ಲ. ಶೇಂಗಾ, ತೊಗರಿ, ಸ್ವಲ್ಪ ನವಣೆ. ಶೇಂಗಾ ಕಾಯಿ ಕಟ್ಟಿದ ಮೇಲೆ ಹಂದಿ ಕಾಯಬೇಕು. ಕಿತ್ತು ಬಣವೆ ಹಾಕಿದ ಮೇಲೂ ಕಾಯಬೇಕು. ಆ ಬಣವೆಗೆ ಇಲಿ ಬರುತ್ತದೆ, ಇಲಿಯ ಹಿಂದೆ ಮಂಡಲ ಬರುತ್ತದೆ. ಕೊಳಕುಮಂಡಲ ಒಣಗಿದ ಬಳ್ಳಿಯ ಮೇಲೆ ಮಲಗಿದ್ದರೆ ಹಗಲಲ್ಲೇ ಕಾಣುವುದಿಲ್ಲ. ಉರಿಮಂಡಲ ಇನ್ನೂ ಚಿಕ್ಕದು, ಮಣ್ಣಿನ ಬಣ್ಣದ್ದೇ. ಕಟ್ಟುಹಾವು ರಾತ್ರಿಯೇ ಓಡಾಡುವುದು, ನೆಲದ ಮೇಲೆ ಮಲಗಿದವರ ಹಾಸಿಗೆಗೂ ಬರುತ್ತದೆ. ಬೋರಿರುವ ಅಕ್ಕಪಕ್ಕದ ಹೊಲದವರಿಗೆ ರಾತ್ರಿ ಪಾಳಿಯ ತ್ರೀ ಫೇಸ್ ಬಂದರೆ ಹನ್ನೆರಡಕ್ಕೋ ಎರಡಕ್ಕೋ ಎದ್ದು ಹೋಗಿ ನೀರು ತಿರುಗಿಸಬೇಕು. ಇಂಥ ಕಡೆ ಕೈಯಲ್ಲಿರುವ ಬ್ಯಾಟ್ರಿ ಮೋಸ ಮಾಡಿದರೆ ಹೋಗುವುದು ದುಡ್ಡು ಮಾತ್ರ ಅಲ್ಲ.

ಲ್ಯೂಮೆನ್ ಅಂದರೆ ಏನು, ದೂರ ಅಂದರೆ ಏನು

ನಾನು ಓದಿದ್ದು ಏಳನೇ ಕ್ಲಾಸು. ನನ್ನ ತಮ್ಮನ ಮಗ ಐಟಿಐಯಲ್ಲಿ ಎಲೆಕ್ಟ್ರಿಕಲ್ ಕಲಿತವನು. ಅವನು ನನಗೆ ಬಿಡಿಸಿ ಹೇಳಿದ್ದು ಹೀಗೆ: "ದೊಡ್ಡಪ್ಪ, ಪೈಪಿನಲ್ಲಿ ಒಟ್ಟು ಎಷ್ಟು ನೀರು ಬರುತ್ತೆ ಅನ್ನೋದು ಲ್ಯೂಮೆನ್. ಪೈಪಿನ ಬಾಯಿಗೆ ಹೆಬ್ಬೆಟ್ಟು ಒತ್ತಿದರೆ ಅದೇ ನೀರು ದೂರ ಚಿಮ್ಮುತ್ತಲ್ಲ, ಆ ಬಿರುಸು ಕ್ಯಾಂಡೆಲಾ." ಇದು ನನಗೆ ಸರಿಯಾಗಿ ಅರ್ಥವಾಯಿತು. ನೀರು ಅಷ್ಟೇ ಇದ್ದರೂ ಒಂದು ಬ್ಯಾಟ್ರಿ ಹತ್ತಿರಕ್ಕೆ ಅಗಲವಾಗಿ ಹರಡುತ್ತದೆ, ಇನ್ನೊಂದು ಸಣ್ಣದಾಗಿ ದೂರ ಹೊಡೆಯುತ್ತದೆ.

ಡಬ್ಬಿಯ ಮೇಲೆ "200 ಮೀಟರ್" ಅಂತ ಇರುತ್ತದೆ. ಬ್ಯಾಟ್ರಿ ಅಳೆಯಲು ಅಮೆರಿಕದಲ್ಲಿ 2009ರಲ್ಲಿ ಎಫ್‌ಎಲ್1 ಅನ್ನುವ ಒಂದು ಕ್ರಮ ಮಾಡಿದರು. ಒಳ್ಳೆಯ ಕಂಪನಿಗಳು ಅದನ್ನೇ ಪಾಲಿಸುತ್ತವೆ. ಆ ಕ್ರಮದಲ್ಲಿ ದೂರ ಅಂದರೆ, ಬೆಳಕು ಕಾಲು ಲಕ್ಸ್‌ಗೆ ಇಳಿಯುವ ಜಾಗ. ಕಾಲು ಲಕ್ಸ್ ಅಂದರೆ ಮೋಡವಿಲ್ಲದ ಹುಣ್ಣಿಮೆಯ ಬೆಳದಿಂಗಳಷ್ಟು. ಹಾಗಾದರೆ 200 ಮೀಟರ್ ಬ್ಯಾಟ್ರಿ 200 ಮೀಟರಿನಲ್ಲಿ ಬೆಳದಿಂಗಳಷ್ಟೇ ಬೆಳಕು ಕೊಡುತ್ತದೆ. ಅಲ್ಲಿ ನಿಂತಿರುವುದು ಹಂದಿಯೋ ಪೊದೆಯೋ ಗೊತ್ತಾಗುವುದಿಲ್ಲ. ಅರ್ಧ ದೂರಕ್ಕೆ ಬಂದರೆ ಬೆಳಕು ನಾಲ್ಕು ಪಟ್ಟಾಗುತ್ತದೆ, ಆಗ ಗುರುತು ಹತ್ತುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ ದೂರವನ್ನು ಅರ್ಧಕ್ಕಿಂತ ಕಡಿಮೆ ಅಂತಲೇ ಲೆಕ್ಕ ಹಾಕಿಕೊಳ್ಳಿ.

ಎಷ್ಟು ಹೊತ್ತು ಉರಿಯುತ್ತದೆ ಅನ್ನುವುದರಲ್ಲೂ ಹೀಗೇ ಇದೆ. ಅದೇ ಕ್ರಮದಲ್ಲಿ ಬೆಳಕು ಮೊದಲಿನ ಹತ್ತನೇ ಒಂದು ಪಾಲಿಗೆ ಇಳಿಯುವವರೆಗೂ "ಉರಿಯುತ್ತಿದೆ" ಅಂತಲೇ ಲೆಕ್ಕ. ಹತ್ತು ಚೀಲದಲ್ಲಿ ಒಂದು ಚೀಲ ಉಳಿದರೂ ಬೆಳೆ ಇದೆ ಅಂದ ಹಾಗೆ.

ಇನ್ನೊಂದು ಮಾತು. ಎರಡು ಪಟ್ಟು ದೂರ ಕಾಣಬೇಕಾದರೆ ಬಿರುಸು ನಾಲ್ಕು ಪಟ್ಟು ಬೇಕು. 400 ಲ್ಯೂಮೆನ್ನಿಗೂ 500 ಲ್ಯೂಮೆನ್ನಿಗೂ ಹೊಲದಲ್ಲಿ ನಮ್ಮ ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಒಂದೇ ಥರದ ಎರಡು ಬ್ಯಾಟ್ರಿಯಲ್ಲಿ ಆ ನೂರು ಲ್ಯೂಮೆನ್ನಿಗಾಗಿ ನೂರು ರೂಪಾಯಿ ಹೆಚ್ಚು ಕೊಡುವುದು ದಂಡ.

ಮೂರು ಬ್ಯಾಟ್ರಿ, ಒಂದು ಹಗ್ಗ

ಹೋದ ವರ್ಷ ಶೇಂಗಾ ಕಾಯುವ ದಿನಗಳಲ್ಲಿ ನಾನೂ ತಮ್ಮನ ಮಗನೂ ಹೆಚ್ಚು ಕಡಿಮೆ ಒಂದೇ ಗಾತ್ರದ ಮೂರು ಬ್ಯಾಟ್ರಿಗಳನ್ನು ಹೋಲಿಸಿ ನೋಡಿದೆವು. ಹೆಸರು ಬೇಡ. ಮೊದಲನೆಯದು ಗಡಿಯಾರಕ್ಕೆ ಹಾಕುವ ಸಣ್ಣ ಶೆಲ್ಲು ಎರಡು ಹಿಡಿಯುವಂಥದ್ದು, 160 ರೂಪಾಯಿ. ಎರಡನೆಯದು ಚಾರ್ಜ್ ಮಾಡುವಂಥದ್ದು, ಶೆಲ್ಲು ಒಳಗೇ ಸೀಲ್, ಮುಂದಿನ ಗಾಜು ಎಳೆದರೆ ಜೂಮ್, ಡಬ್ಬಿಯ ಮೇಲೆ 5,000 ಲ್ಯೂಮೆನ್, 350 ರೂಪಾಯಿ. ಮೂರನೆಯದು 18650 ಅನ್ನುವ ಲಿಥಿಯಂ ಶೆಲ್ಲಿನದು, ಹಿಂದಿನ ಮುಚ್ಚಳ ತಿರುಗಿಸಿ ಶೆಲ್ಲು ತೆಗೆಯಬಹುದು, ಡಬ್ಬಿಯ ಮೇಲೆ 400 ಲ್ಯೂಮೆನ್, 650 ರೂಪಾಯಿ.

ಪರೀಕ್ಷೆ ನಮ್ಮದೇ. ಹಗ್ಗವನ್ನು ಹಾವೆಂದು ಹೆದರಿದವನ ಕಥೆ ಎಲ್ಲರಿಗೂ ಗೊತ್ತು. ನಾವು ಬೇಕೆಂದೇ ಹಗ್ಗವನ್ನು ಹಾವು ಮಾಡಿಕೊಂಡೆವು. ಎರಡು ಮೊಳದ ಹಳೆಯ ನಾರಿನ ಹಗ್ಗವನ್ನು ಹುಡುಗ ಕಾಲುದಾರಿಯಲ್ಲಿ ಎಲ್ಲಾದರೂ ಹಾಕಿ ಬರುವುದು, ನಾನು ಮಾಮೂಲು ನಡಿಗೆಯಲ್ಲಿ ಹೋಗಿ ಎಷ್ಟು ಹೆಜ್ಜೆ ಮುಂಚೆ ಕಂಡಿತು ಅಂತ ಎಣಿಸುವುದು. ಒಂದೊಂದಕ್ಕೂ ಹತ್ತು ಸಲ.

ಮೊದಲನೆಯದರಲ್ಲಿ ಹಗ್ಗ ನಾಲ್ಕೈದು ಹೆಜ್ಜೆ ಮುಂಚೆ ಕಂಡಿತು. ಬೆಳಕು ಕಡಿಮೆ, ಆದರೆ ಅಗಲವಾಗಿತ್ತು, ಒಂದು ಸಲವೂ ತಪ್ಪಲಿಲ್ಲ. ಮೂರನೆಯದನ್ನು ನಡುವಿನ ಬೆಳಕಿಗೆ ಇಟ್ಟಾಗ ಒಂಬತ್ತು ಹತ್ತು ಹೆಜ್ಜೆಗೆ ಕಂಡಿತು. ಎರಡನೆಯದನ್ನು ಜೂಮ್ ಮಾಡಿದಾಗ ಬೆಳಕು ತಟ್ಟೆಯಷ್ಟು ಜಾಗದಲ್ಲಿ ಬೆಳ್ಳಗೆ, ಅದರ ಪಕ್ಕ ಗವ್ವೆನ್ನುವ ಕತ್ತಲೆ. ಹತ್ತರಲ್ಲಿ ಮೂರು ಸಲ ಹಗ್ಗ ದಾಟಿಯೇ ಹೋದೆ. ಅದು ಮಂಡಲವಾಗಿದ್ದರೆ ಈ ಲೇಖನ ಬೇರೆಯವರು ಬರೆಯಬೇಕಿತ್ತು.

ದೂರದ್ದನ್ನೂ ನೋಡಿದೆವು. ಬದುವಿನ ಜಾಲಿಗೆ ಬಿಳಿ ಗೊಬ್ಬರದ ಚೀಲ ಕಟ್ಟಿ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಹೋದರೆ, ಇಲ್ಲಿ ಜೂಮ್ ಬ್ಯಾಟ್ರಿಯೇ ಗೆದ್ದಿತು, ಮೂರನೆಯದು ಸ್ವಲ್ಪ ಹಿಂದೆ. ಮೊದಲನೆಯದು ಎಂಟೇ ಮಾರಿಗೆ ಸೋತಿತು. ಹಂದಿ ಯಾವ ಮೂಲೆಯಲ್ಲಿದೆ ಅಂತ ದೂರಕ್ಕೆ ನೋಡಲು ಜೂಮ್ ಒಳ್ಳೆಯದೇ. ಆದರೆ ಅದನ್ನು ಹಿಡಿದು ನಡೆಯಬಾರದು.

ಕೊನೆಗೆ ಮೂರನ್ನೂ ಕೊಟ್ಟಿಗೆಯ ತೊಲೆಗೆ ಕಟ್ಟಿ ಉರಿಯಬಿಟ್ಟೆವು. 5,000 ಲ್ಯೂಮೆನ್ನಿನದು ಮುಕ್ಕಾಲು ತಾಸಿಗೆ ಮಂಕಾಯಿತು, ಎರಡು ತಾಸು ತುಂಬುವುದರೊಳಗೆ ಆರಿತು. ಮೊದಲನೆಯದು ನಿಧಾನವಾಗಿ ಹಳದಿಗೆ ತಿರುಗುತ್ತಾ ಆರು ತಾಸು ಎಳೆಯಿತು. ಮೂರನೆಯದು ನಡುವಿನ ಬೆಳಕಿನಲ್ಲಿ ಆರು ತಾಸಿಗಿಂತ ಹೆಚ್ಚು ಹೊತ್ತು ಒಂದೇ ಸಮ ಉರಿದು, ಆಮೇಲೆ ಒಮ್ಮೆಲೇ ಕಣ್ಣು ಮುಚ್ಚಿತು. ಇದೂ ಒಂದು ದೋಷವೇ. ಹಳೆಯ ಬ್ಯಾಟ್ರಿ ಸಾಯುವ ಮುಂಚೆ ಹೇಳುತ್ತಿತ್ತು, ಇದು ಹೇಳುವುದಿಲ್ಲ. ಹೊಲಕ್ಕೆ ಹೋಗುವಾಗ ಇನ್ನೊಂದು ಶೆಲ್ಲು ಜೇಬಿನಲ್ಲಿರಲೇಬೇಕು.

ಇದು ನಮ್ಮ ಹೊಲದ, ನನ್ನ ಐವತ್ತು ದಾಟಿದ ಕಣ್ಣಿನ ಲೆಕ್ಕ. ನಿಮ್ಮಲ್ಲಿ ಹೆಜ್ಜೆ ಒಂದೆರಡು ಹೆಚ್ಚು ಕಡಿಮೆ ಆದೀತು. ಯಾವುದು ಮುಂದೆ ಯಾವುದು ಹಿಂದೆ ಅನ್ನುವುದು ಬದಲಾಗಲಾರದು.

ಶೆಲ್ಲಿನ ಲೆಕ್ಕ ಕಲಿತರೆ ಮೋಸ ಹೋಗುವುದಿಲ್ಲ

ಶೆಲ್ಲಿನ ಮೇಲೆ ಎಂಎಎಚ್ ಅಂತ ಒಂದು ಸಂಖ್ಯೆ, ವೋಲ್ಟ್ ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ ವ್ಯಾಟ್-ತಾಸು ಸಿಗುತ್ತದೆ. ಕಣಜದಲ್ಲಿ ಎಷ್ಟು ಕಾಳಿದೆ ಅಂತ ಹೇಳುವುದು ಇದೇ. ಚಾರ್ಜ್ ಮಾಡುವ ಸಣ್ಣ ಶೆಲ್ಲು 2000 ಎಂಎಎಚ್, 1.2 ವೋಲ್ಟ್. ಲೆಕ್ಕ 2.4 ಬರುತ್ತದೆ. 18650 ಲಿಥಿಯಂ ಶೆಲ್ಲು ಅದೇ 2000 ಎಂಎಎಚ್, ಆದರೆ 3.7 ವೋಲ್ಟ್. ಲೆಕ್ಕ 7.4. ಮೇಲೆ ಬರೆದ ಸಂಖ್ಯೆ ಒಂದೇ, ಒಳಗಿನ ಕಾಳು ಮೂರು ಪಟ್ಟು.

ಈಗ 10,000 ಲ್ಯೂಮೆನ್ ಅಂತ ಬರೆದ ಚೋಟುದ್ದದ ಬ್ಯಾಟ್ರಿಯನ್ನು ಇದೇ ತಕ್ಕಡಿಗೆ ಹಾಕಿ. ಒಳ್ಳೆಯ ಎಲ್‌ಇಡಿ ಒಂದು ವ್ಯಾಟಿಗೆ 150 ಲ್ಯೂಮೆನ್ ಕೊಟ್ಟಿತು ಅಂತಲೇ ಇಟ್ಟುಕೊಳ್ಳೋಣ. 10,000 ಲ್ಯೂಮೆನ್ನಿಗೆ 67 ವ್ಯಾಟ್ ಬೇಕು. ಶೆಲ್ಲಿನಲ್ಲಿರುವುದು 7.4. ಏಳು ನಿಮಿಷಕ್ಕೆ ಖಾಲಿ, ಅಷ್ಟರೊಳಗೆ ಕೊಳವೆ ಕೈಯಲ್ಲಿ ಹಿಡಿಯಲಾರದಷ್ಟು ಸುಡಬೇಕು. ಸುಡದೆ ಎರಡು ತಾಸು ಉರಿಯಿತು ಅಂದರೆ ಆ ಸಂಖ್ಯೆ ಸುಳ್ಳು. ಬರೀ ಕೂಡಿಸಿ ಗುಣಿಸುವ ಲೆಕ್ಕದಲ್ಲೇ ಸಿಕ್ಕಿಬೀಳುವ ಸುಳ್ಳು ಇದು.

ಶೆಲ್ಲಿನ ಮೇಲೂ ಇದೇ ಆಟ ನಡೆದಿದೆ. ಹೆಸರುಳ್ಳ ಕಂಪನಿಗಳ 18650 ಶೆಲ್ಲುಗಳು ಸಾಮಾನ್ಯವಾಗಿ 2000ದಿಂದ 3500 ಎಂಎಎಚ್ ಇರುತ್ತವೆ. 9000 ಅಂತ ಬರೆದದ್ದು ಕಂಡರೆ ಮುಟ್ಟಬೇಡಿ. ಸರಿಯಾದ ಶೆಲ್ಲು 45 ಗ್ರಾಂ ಆಸುಪಾಸು ತೂಗುತ್ತದೆ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲೇ ಇಟ್ಟು ನೋಡಬಹುದು. ತೀರಾ ಹಗುರ ಇದ್ದರೆ ಅನುಮಾನ ಪಡಿ.

ಸೀಲ್ ಆದ ಬ್ಯಾಟ್ರಿಗೆ ನನ್ನ ವಿರೋಧ ಇರುವುದೂ ಶೆಲ್ಲಿನ ಕಾರಣಕ್ಕೇ. ಎಲ್‌ಇಡಿ ಬೇಗ ಕೆಡುವುದಿಲ್ಲ, ಶೆಲ್ಲು ಎರಡು ಮೂರು ವರ್ಷದಲ್ಲಿ ಸೊರಗುತ್ತದೆ. ತೆಗೆಯುವಂತಿದ್ದರೆ ಶೆಲ್ಲು ಮಾತ್ರ ಹೊಸದು. ಸೀಲ್ ಆಗಿದ್ದರೆ ಚೆನ್ನಾಗಿರುವ ಕೊಳವೆ, ಗಾಜು, ಎಲ್‌ಇಡಿ ಎಲ್ಲವೂ ತಿಪ್ಪೆಗೆ. ಹಿಡಿ ಮುರಿದರೆ ಕುಡುಗೋಲನ್ನೇ ಎಸೆಯುತ್ತೇವೆಯೇ? 2022ರ ಬ್ಯಾಟರಿ ತ್ಯಾಜ್ಯದ ನಿಯಮದಲ್ಲಿ ಹಳೆಯ ಶೆಲ್ಲು ವಾಪಸ್ ಪಡೆಯುವ ಹೊಣೆ ತಯಾರಕರದ್ದು ಅಂತ ಇದೆ. ನಮ್ಮ ಊರಿನ ಅಂಗಡಿಯವರೆಗೆ ಆ ನಿಯಮ ಬಂದಿಲ್ಲ. ಬರುವವರೆಗೆ ತಿಪ್ಪೆಗೆ ಹಾಕದೆ ಒಂದು ಡಬ್ಬದಲ್ಲಿ ಕೂಡಿಡುವುದು ವಾಸಿ. ಆ ಗೊಬ್ಬರ ನಮ್ಮ ಹೊಲಕ್ಕೇ ಹೋಗುವುದು.

ಮೊಬೈಲ್ ಇದೆಯಲ್ಲ ಅನ್ನುವವರಿಗೆ

ಹುಡುಗರು ಬ್ಯಾಟ್ರಿಯೇ ಬೇಡ ಅನ್ನುತ್ತಾರೆ. ಮೊಬೈಲಿನಲ್ಲಿ ಬೆಳಕಿದೆ, ನಿಜ. ಮನೆಯೊಳಗೆ ಬಿದ್ದ ಚಾವಿ ಹುಡುಕಲು ಸಾಕು. ಹೊಲದಲ್ಲಿ ಅದು ನಾಲ್ಕು ಹೆಜ್ಜೆಯಾಚೆ ಹೋಗುವುದಿಲ್ಲ, ಮಳೆಯಲ್ಲಿ ಹಿಡಿಯಲಾಗದು, ಕೆಸರಿಗೆ ಬಿದ್ದರೆ ಸಾವಿರಾರು ರೂಪಾಯಿ ಹೋಯಿತು. ಅದಕ್ಕಿಂತ ದೊಡ್ಡ ಕಾರಣ ಒಂದಿದೆ. ಏನಾದರೂ ಕಚ್ಚಿದರೆ 108ಕ್ಕೆ ಫೋನ್ ಮಾಡಬೇಕಾದ್ದು ಅದೇ ಮೊಬೈಲಿನಿಂದ. ಬೆಳಕಿಗಾಗಿ ಅದರ ಚಾರ್ಜ್ ಮುಗಿಸಿಕೊಂಡವನು ಕತ್ತಲೆಯಲ್ಲಿ ಕೂಗಿಕೊಳ್ಳಬೇಕಾಗುತ್ತದೆ.

ಬ್ಯಾಟ್ರಿ ಇದ್ದ ಮಾತ್ರಕ್ಕೆ ಎಲ್ಲ ಆಯಿತು ಅಂತಲೂ ಅಲ್ಲ. ಕಾಲಿಗೆ ಬೂಟು, ಕೈಗೆ ಕೋಲು ಬೇಕೇ ಬೇಕು. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು, ಮಂತ್ರ ಹಾಕಿಸುವುದು ಇವನ್ನೆಲ್ಲ ಬಿಟ್ಟು ಸೀದಾ ಔಷಧಿ ಇರುವ ಆಸ್ಪತ್ರೆಗೆ ಹೋಗಬೇಕು.

ಬ್ಯಾಟ್ರಿ ಯಾರ ಕೈಯಲ್ಲಿರಬೇಕು?

ಹೆಚ್ಚಿನ ಮನೆಗಳಲ್ಲಿ ಇರುವುದು ಒಂದೇ ಬ್ಯಾಟ್ರಿ. ಅದು ಯಜಮಾನನ ಜೊತೆ ಹೊಲಕ್ಕೆ ಹೋಗುತ್ತದೆ. ನಸುಕಿನಲ್ಲಿ ಬಯಲಿಗೋ ಹಿತ್ತಲಿಗೋ ಹೋಗುವ ಹೆಂಗಸರು, ಕುಳ್ಳಿನ ರಾಶಿಗೆ ಕೈ ಹಾಕುವವರು, ಕೊಟ್ಟಿಗೆಯಲ್ಲಿ ಕರು ನೋಡುವವರು ಎಲ್ಲ ಕತ್ತಲೆಯಲ್ಲೇ. ಹಾವಿಗೆ ಯಜಮಾನ ಯಾರು ಅಂತ ಗೊತ್ತಿಲ್ಲ. ಆದ್ದರಿಂದ ನನ್ನ ಗಟ್ಟಿ ಅಭಿಪ್ರಾಯ: ಒಂದು ದುಬಾರಿ ಬ್ಯಾಟ್ರಿಯ ಬದಲು ಸಾಧಾರಣವಾದ ಎರಡು ತನ್ನಿ. 18650ರದು ಒಂದು ಹೊಲಕ್ಕೆ. ಸಣ್ಣ ಶೆಲ್ಲಿನದು ಒಂದು ಮನೆಗೆ, ಅದಕ್ಕೆ ಬಾಗಿಲ ಪಕ್ಕದ ಮೊಳೆಯೇ ಜಾಗ, ಅಲ್ಲಿಂದ ಕದಲಬಾರದು. ದುಡ್ಡು ಒಂದಕ್ಕೇ ಇದ್ದರೆ 160 ರೂಪಾಯಿಯದೇ ಮೊದಲು ಬರಲಿ. ದೂರ ಕಾಣದಿದ್ದರೂ ಅದು ಹಗ್ಗ ತಪ್ಪಿಸಲಿಲ್ಲ.

ಕೊಳ್ಳುವಾಗ ನೋಡಬೇಕಾದ್ದು

1. ಗೋಡೆಗೆ ಬಿಡಬೇಡಿ. ಅಂಗಡಿಯ ಮೂಲೆಯ ಕತ್ತಲಲ್ಲಿ ನೆಲಕ್ಕೆ ಬಿಡಿ. ನಡುವೆ ಬೆಳ್ಳಗಿದ್ದು ಸುತ್ತ ಎರಡು ಮಾರು ಅಗಲಕ್ಕೆ ಮೆಲುಬೆಳಕು ಹರಡಿದರೆ ನಡೆಯಲು ಒಳ್ಳೆಯದು.

2. ಕಡಿಮೆ ಬೆಳಕಿನ ಹಂತ ಇರಬೇಕು. ಪ್ರಖರ ಬೆಳಕು ಹಚ್ಚಿ ಆರಿಸಿದರೆ ಕಣ್ಣು ಕತ್ತಲಿಗೆ ಪೂರ್ತಿ ಹೊಂದಲು 20–30 ನಿಮಿಷ ಬೇಕು. ಸುಮ್ಮನೆ ಕೂತು ಕಾಯುವಾಗ ಮೆಲುಬೆಳಕೇ ಸಾಕು, ಶೆಲ್ಲೂ ಉಳಿಯುತ್ತದೆ.

3. ಗುಂಡಿ ಒತ್ತಿದ ಕೂಡಲೇ ಬೆಳಕು ಬರಬೇಕು, ಇನ್ನೊಂದು ಒತ್ತಿಗೆ ಆರಬೇಕು. ಪಟಪಟ ಮಿಟುಕಿಸುವ ಆಟಗಳು ನಮಗೆ ಬೇಡ. ಸದ್ದಾದ ಕಡೆ ಬೆಳಕು ಬಿಡಲು ಹೋದರೆ ಮೊದಲು ಮಿಟುಕಾಟ ಶುರುವಾಗುವ ಬ್ಯಾಟ್ರಿ ಅಪಾಯ. ಮನೆಯಾಕೆಯ ಕೈಗೂ ಕೊಟ್ಟು ಒತ್ತಿಸಿ ನೋಡಿ.

4. ಐಪಿಎಕ್ಸ್4 ಅಂದರೆ ಮಳೆ ಹನಿ ತಡೆಯುತ್ತದೆ. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ತಾಸು ತಡೆಯುತ್ತದೆ. ಮುಚ್ಚಳದಲ್ಲಿ ರಬ್ಬರ್ ಬಳೆ ಇದೆಯೇ ನೋಡಿ.

5. ತೀರಾ ನೀಲಿ ಬಿಳುಪಿನ ಬೆಳಕಿಗಿಂತ ತುಸು ಹಳದಿ ಛಾಯೆಯದು ನನಗೆ ಇಷ್ಟ. ಒಣ ಬಳ್ಳಿ, ಮಣ್ಣು, ಹಗ್ಗ ಬೇರೆ ಬೇರೆಯಾಗಿ ಕಾಣುತ್ತವೆ.

6. 14500 ಅನ್ನುವ ಲಿಥಿಯಂ ಶೆಲ್ಲು ಗಾತ್ರದಲ್ಲಿ ಸಣ್ಣ ಶೆಲ್ಲಿನಂತೆಯೇ ಇರುತ್ತದೆ, ಆದರೆ 3.7 ವೋಲ್ಟ್. 1.5 ವೋಲ್ಟಿನ ಬ್ಯಾಟ್ರಿಗೆ ಅದನ್ನು ಹಾಕಿದರೆ ಎಲ್‌ಇಡಿ ಸುಟ್ಟುಹೋಗಬಹುದು.

7. ಲಿಥಿಯಂ ಶೆಲ್ಲು ಉಬ್ಬಿದ್ದರೆ, ಸಿಪ್ಪೆ ಹರಿದಿದ್ದರೆ ಚಾರ್ಜಿಗೆ ಹಾಕಬೇಡಿ. ಹುಲ್ಲು, ಹಾಸಿಗೆ ಹತ್ತಿರ ಚಾರ್ಜ್ ಮಾಡಬೇಡಿ. ಬಳಸದ ತಿಂಗಳುಗಳಲ್ಲಿ ಪೂರ್ತಿ ಖಾಲಿ ಬಿಡದೆ ಅರ್ಧ ಚಾರ್ಜಿನಲ್ಲಿ ಇಡಿ. ಸಣ್ಣ ಶೆಲ್ಲನ್ನು ಹೊರಗೆ ತೆಗೆದಿಡಿ, ಇಲ್ಲದಿದ್ದರೆ ನೀರು ಬಿಟ್ಟುಕೊಂಡು ಒಳಗೆಲ್ಲ ತಿನ್ನುತ್ತದೆ.

ಕೊನೆಯ ಮಾತು

ಎಷ್ಟು ಒಳ್ಳೆಯ ಬ್ಯಾಟ್ರಿಯಾದರೂ ರಾತ್ರಿ ಪಾಳಿಯ ಕರೆಂಟಿಗೆ ಪರಿಹಾರ ಆಗಲಾರದು. ಹಗಲು ಕರೆಂಟು ಕೇಳುವುದನ್ನು ನಾವು ನಿಲ್ಲಿಸಬಾರದು. ಅದರ ಜೊತೆಗೇ ಇನ್ನೊಂದನ್ನೂ ಕೇಳಬೇಕು. ಬೀಜದ ಚೀಲದ ಮೇಲೆ ಮೊಳಕೆ ಪ್ರಮಾಣ, ಗೊಬ್ಬರದ ಚೀಲದ ಮೇಲೆ ಸಾರಜನಕ ಎಷ್ಟು ಅಂತ ಬರೆಯಲೇಬೇಕು, ಸುಳ್ಳು ಬರೆದರೆ ಕೇಸು. ಬ್ಯಾಟ್ರಿ ಡಬ್ಬಿಯ ಮೇಲೆ ಮಾತ್ರ ಬಾಯಿಗೆ ಬಂದ ಸಂಖ್ಯೆ ಬರೆದವರನ್ನು ಊರಿನಲ್ಲಿ ಯಾರೂ ಕೇಳಿದ್ದು ನಾನು ಕಂಡಿಲ್ಲ. ಮಾರುವವರು ಕೇಳದಿದ್ದರೆ ಕೊಳ್ಳುವವರು ಕೇಳಬೇಕು. ಸಹಕಾರ ಸಂಘಗಳು ಗೊಬ್ಬರ ತರಿಸುವ ಹಾಗೆ ನೂರು ಒಳ್ಳೆಯ ಬ್ಯಾಟ್ರಿ, ಇನ್ನೂರು ಒಳ್ಳೆಯ ಶೆಲ್ಲು ಒಟ್ಟಿಗೆ ತರಿಸಿದರೆ ಬೆಲೆಯೂ ಇಳಿದೀತು, ಹಳೆಯ ಶೆಲ್ಲು ವಾಪಸ್ ಕೊಡಲು ಒಂದು ಜಾಗವೂ ಆದೀತು.

ಹಗ್ಗದ ಪರೀಕ್ಷೆಗೆ ಖರ್ಚಿಲ್ಲ. ಮುಂಗಾರು ಹಿಡಿಯುವುದರೊಳಗೆ ನಿಮ್ಮ ಮನೆಯ ಬ್ಯಾಟ್ರಿಗೂ ಒಂದು ರಾತ್ರಿ ಮಾಡಿ ನೋಡಿ. ಹಗ್ಗ ಎಷ್ಟು ಹೆಜ್ಜೆಗೆ ಕಂಡಿತು, ಎಷ್ಟು ತಾಸು ಉರಿಯಿತು ಅಂತ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ನಿಮ್ಮ ಲೆಕ್ಕ ನನ್ನದಕ್ಕಿಂತ ಬೇರೆ ಬಂದರೆ ಅದನ್ನೂ ಬರೆಯಿರಿ. ಇಪ್ಪತ್ತು ಊರಿನ ಲೆಕ್ಕ ಒಟ್ಟಾದರೆ ಡಬ್ಬಿಯ ಮೇಲಿನ ಸಂಖ್ಯೆಗಿಂತ ಅದು ಹೆಚ್ಚು ನಂಬಬಹುದಾದ್ದು.